ಬ್ಯಾಟರಿಗಳಿಗೆ ಬಡಿಸುತ್ತಿದ್ದ ಕಾಕು

ನಮ್ಮ ಓಣಿಯ ಬ್ಯಾಟರಿ ಚಾರ್ಜಿಂಗ್ ಅಂಗಡಿಯ ಶಟರು ಇಳಿದು ವರ್ಷವಾಗುತ್ತ ಬಂತು. ಮಹಾರಾಷ್ಟ್ರದ ಗಡಿಯ ಮಗ್ಗದೂರು ಇಚಲಕರಂಜಿಯಲ್ಲಿ ಅಂಗಡಿಯೊಂದು ಮುಚ್ಚುವುದು ದೊಡ್ಡ ಸುದ್ದಿಯಲ್ಲ. ಆದರೂ ಸಂಜೆ ಶಾಲೆಯಿಂದ ಬರುವಾಗ ನನ್ನ ಕಾಲು ಅಲ್ಲಿಗೆ ಬಂದೊಡನೆ ನಿಧಾನವಾಗುತ್ತದೆ. ಶಟರಿನ ಮುಂದೆ ಮಿರ್ಚಿಭಜಿ ಗಾಡಿಯ ಸಿದ್ದಪ್ಪ ನಿಂತಿರುತ್ತಾನೆ. ಅವನೀಗ ಬೇರೆ ಕಡೆ ಬ್ಯಾಟರಿ ಚಾರ್ಜ್ ಮಾಡಿಸುತ್ತಾನೆ, ಆದರೆ ಗಾಡಿ ನಿಲ್ಲಿಸುವ ಜಾಗ ಮಾತ್ರ ಬಿಟ್ಟಿಲ್ಲ.

"ಕಾಕು ಯಾವಾಗ ಬರ್ತಾರಂತ್ರಿ ಬಾಯಾರ?" ಎಂದು ಕೇಳುತ್ತಾನೆ.

"ಸ್ಕೂಟರ್ ಇನ್ನೂ ಚಾರ್ಜ್ ಆಗಿಲ್ಲಂತಪಾ," ಎನ್ನುತ್ತೇನೆ.

ಇಬ್ಬರೂ ನಗುತ್ತೇವೆ. ಇದರಲ್ಲಿ ನಗುವಂಥದ್ದೇನಿದೆ ಎಂದು ತಿಳಿಯಬೇಕಾದರೆ ಕಾಕುವಿನ ಬಗ್ಗೆ ಹೇಳಬೇಕು.

ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಓಣಿಗೆಲ್ಲ ಅವರು ಕಾಕು, ಮರಾಠಿಯವರಿಗೂ ಕನ್ನಡದವರಿಗೂ. ಅವರ ಮನೆಮಾತು ಕನ್ನಡ. ಜೈನ ಮನೆತನ, ಊರಿಗೆ ಮಗ್ಗಗಳು ಬರುವ ಮೊದಲೇ ಬಂದು ನೆಲೆಸಿದವರು. ಅವರ ಹೆಸರು ಬರೆಯುವ ಧೈರ್ಯ ನನಗಿಲ್ಲ. ಒಮ್ಮೆ ತಮಾಷೆಗೆ ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ, "ಹೆಸರ ಹಾಕಿದ್ರ ನಿಮ್ಮ ಮೊಬೈಲ್ ಜನ್ಮಕ್ಕ ಚಾರ್ಜ್ ಮಾಡಂಗಿಲ್ಲ ನೋಡ್ರಿ," ಎಂದಿದ್ದರು. ಅವರು ಹೇಳಿದ್ದನ್ನು ಮಾಡುವವರು.

ನಾನು ಮಗ್ಗದ ಕೆಲಸಕ್ಕೆಂದು ಬನಹಟ್ಟಿ ಕಡೆಯಿಂದ ಬಂದವರ ಮಗಳು. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇಲ್ಲಿಯದೇ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಅದಕ್ಕೇ ಓಣಿಗೆಲ್ಲ ನಾನು 'ಬಾಯಾರು'. ನನಗೆ ಕಾಯುವುದೆಂದರೆ ಮೈಯುರಿ. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲಲಾರೆ, ಆದ್ದರಿಂದಲೇ ನಮ್ಮ ಮನೆಯಲ್ಲಿ ಹಾಲು ದಿನಾ ಉಕ್ಕುತ್ತದೆ. ಇಂಥ ನಾನು ಕಾಯುವುದನ್ನೇ ಕಸುಬು ಮಾಡಿಕೊಂಡ ಹೆಂಗಸಿನ ಗೆಳತಿಯಾದೆ.

ಮೊದಲ ಸಲ ಹೋದದ್ದು ಅಪ್ಪನ ಹಳೆಯ ಟಾರ್ಚ್ ಹಿಡಿದುಕೊಂಡು. ಒಳಗಿನ ಸೆಲ್ಲು ನಿಕ್ಕಲ್‌ನದು. ಕಾಕು ಮೂಗಿನ ತುದಿಯ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಎಷ್ಟು ಹೊತ್ತಾಗತೈತ್ರಿ?" ಎಂದೆ.

"ಉಂಡೀರೇನ್ರಿ?"

"ಹ್ಞಾಂ, ಉಂಡೇನಿ."

"ಎಷ್ಟ ಹೊತ್ತ ಹಿಡೀತು?"

"ಐದು ನಿಮಿಷ," ಎಂದೆ. ಅದು ಸತ್ಯವೇ ಆಗಿತ್ತು.

"ಅದಕ್ಕ ನಿಮ್ಮ ಮಾರಿ ಹಿಂಗ ಅವಸರದಾಗ ಐತಿ. ಇದನ್ನ ನಾಳೆ ಮುಂಜಾನಿ ಒಯ್ರಿ. ಇವತ್ತ ಸಂಜಿಗಿ ಕೇಳಾಕ ಬಂದ್ರ ನಾಡಿದ್ದ ಕೊಡತೇನಿ."

ನನಗೆ ಸಿಟ್ಟು ಬಂತು. ಸಂಜೆ ಕೇಳಲು ಹೋದೆ. ಟಾರ್ಚ್ ನಿಜವಾಗಿಯೂ ಮಾರನೆಯ ದಿನದ ಮಾರನೆಯ ದಿನವೇ ಸಿಕ್ಕಿತು.

ಅಂಗಡಿ ಅಂದರೆ ಅವರ ಮನೆಯ ಮುಂದಿನ ಕೋಣೆ. ಗೋಡೆಗೆ ಮೂರು ಹಲಗೆಗಳು, ಉದ್ದಕ್ಕೂ ಪ್ಲಗ್ಗುಗಳು. ಕೆಳಗಿನ ಹಲಗೆಯ ಮೇಲೆ ಸೀಸದ ಭಾರವಾದ ಬ್ಯಾಟರಿಗಳು. ಸಂಜೆ ಭಜಿ, ಗಿರಮಿಟ್ಟು, ಪಾನಿಪೂರಿ ಮಾರುವ ಗಾಡಿಗಳಿಗೆ ದೀಪ ಉರಿಸುವಂಥವು. ನಡುವಿನ ಹಲಗೆಯಲ್ಲಿ ಟಾರ್ಚು, ಕ್ಷೌರದವರ ಟ್ರಿಮ್ಮರುಗಳ ನಿಕ್ಕಲ್ ಸೆಲ್ಲುಗಳು. ಮೇಲಿನ ಹಲಗೆಯಲ್ಲಿ ಲಿಥಿಯಂ: ಮೊಬೈಲುಗಳು, ಹೊಲಕ್ಕೆ ಔಷಧ ಹೊಡೆಯುವ ಹೊಸ ನಮೂನೆಯ ಪಂಪುಗಳು, ಬಿಚ್ಚಿ ತಂದ ಸ್ಕೂಟರ್ ಬ್ಯಾಟರಿಗಳು. ಬೆಳಿಗ್ಗೆ ಬಸದಿಗೆ ಹೋಗಿ ಬಂದು ಕಾಕು ಮೊದಲು ಕೆಳಗಿನ ಹಲಗೆಗೆ ಕರೆಂಟು ಕೊಡುತ್ತಿದ್ದರು. ಆಮೇಲೆ ನಡುವಿನದಕ್ಕೆ. ಮೇಲಿನದರ ಸರದಿ ಮಧ್ಯಾಹ್ನದ ಮೇಲೆಯೇ. ಇದು ತಲೆಕೆಳಗಾದದ್ದನ್ನು ನಾನು ನೋಡಿಲ್ಲ.

ನಾನೊಮ್ಮೆ ಇದೇಕೆ ಹೀಗೆ ಎಂದು ಕೇಳಿದೆ. ಪಾಠ ಹೇಳುವವರಿಗೆ ಪಾಠ ಹೇಳುವುದೆಂದರೆ ಎಲ್ಲರಿಗೂ ಖುಷಿ.

"ಕೆಳಗಿನವು ಮುದುಕರು," ಎಂದರು. "ಹಲ್ಲಿಲ್ಲ. ಮುಂಜಾನಿ ತಾಟ ಹಾಕಿದ್ರ ಸಂಜಿತನಕ ಉಣ್ಣತಾವ. ಅವಸರ ಮಾಡಿ ತುರುಕಿದ್ರಿ ಅಂದ್ರ ಹೊಟ್ಟಿ ಕುದ್ದು ನೀರ ಹಾರಿ ಹೋಗತೈತಿ. ಪೂರಾ ಖಾಲಿ ಆಗಿ ಬಂದದ್ದು ಇನ್ನೂ ನಾಜೂಕ. ಉಪವಾಸ ಬಿಟ್ಟವರಿಗಿ ಹೆಸರಕಾಳಿನ ಕಟ್ಟ ಕೊಡತೇವಲ್ಲ, ಹಂಗ ಚೂರ ಚೂರ ಕೊಡಬೇಕು."

"ನಡುವಿನವು?"

"ಅವು ಬೀಗರು. ಸಾಕು ಅಂತ ಬಾಯಿಬಿಟ್ಟ ಹೇಳೂದಿಲ್ಲ. ತುಂಬಿದ ಮ್ಯಾಲ ಮೈ ಬಿಸಿ ಆಗತೈತಿ, ಅವಾಗ ನಾವ ತಿಳ್ಕೊಂಡ ತಾಟ ಎತ್ತಬೇಕು."

"ಮ್ಯಾಲಿನವು?"

"ಕಾಲೇಜ ಹುಡುಗರು. ತಾಸಿನ್ಯಾಗ ಎಂಬತ್ತರತನಕ ಗಬಗಬ ಹೊಡಿತಾವ. ಮುಂದಿನ ಇಪ್ಪತ್ತಕ್ಕ ತಾಟಿನ ಮುಂದ ಸುಮ್ಮನ ಕುಂತಬಿಡತಾವ, ಒಂದೊಂದ ಅಗಳ ನೆಕ್ಕೋತ. ಅದಕ್ಕ ಎಂಬತ್ತಕ್ಕ ಎಬ್ಬಸಬೇಕು. ಎಬ್ಬಸಿದ್ರ ಅವಕ್ಕೂ ಆಯುಷ್ಯ, ನನಗೂ ಪ್ಲಗ್ ಖಾಲಿ."

ಹೀಗೆ ಹೇಳುತ್ತ ಅವರು ಹಲಗೆಯುದ್ದಕ್ಕೂ ನಡೆಯುತ್ತಿದ್ದರು. ಪ್ರತಿಯೊಂದರ ಮೈಗೂ ಕೈಯ ಹಿಂಬದಿ ತಾಗಿಸುತ್ತಿದ್ದರು, ಮಕ್ಕಳ ಜ್ವರ ನೋಡುವಂತೆ. ಮೀಟರು ಇತ್ತು, ಇಲ್ಲವೆಂದಲ್ಲ. ಅದನ್ನೂ ನೋಡುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಕುಳಿತವರು ಅವರು. ಮೊದಲ ತಿಂಗಳಲ್ಲೇ ಒಂದು ಘನಕಾರ್ಯ ಮಾಡಿದ್ದರು, ಅದನ್ನು ತಾವೇ ಎಲ್ಲರಿಗೂ ಹೇಳಿ ನಗುತ್ತಿದ್ದರು. ಸೀಸದ ಬ್ಯಾಟರಿಗೆ ಆಗಾಗ ಶುದ್ಧ ನೀರು ಹಾಕಬೇಕು. ಬಟ್ಟಿ ಇಳಿಸಿದ ನೀರು ಬಾಟಲಿಯಲ್ಲಿ ಬರುತ್ತದೆ. ಅದು ಮುಗಿದಿತ್ತು. ಜೈನರ ಮನೆಯಲ್ಲಿ ದಪ್ಪ ಬಟ್ಟೆಯಲ್ಲಿ ಗಾಳಿಸದ ನೀರನ್ನು ಯಾರೂ ಕುಡಿಯುವುದಿಲ್ಲ. ಗಾಳಿಸಿದ ನೀರಿಗಿಂತ ಶುದ್ಧವಾದದ್ದು ಲೋಕದಲ್ಲಿ ಇನ್ನೇನಿದೆ ಎಂದು ಕಾಕು ಬಾವಿಯ ನೀರನ್ನು ಬಟ್ಟೆ ಮಡಚಿ ಗಾಳಿಸಿ, ಕಾಯಿಸಿ, ಆರಿಸಿ, ಣಮೋಕಾರ ಮಂತ್ರ ಹೇಳುತ್ತ ಎಲ್ಲ ಬ್ಯಾಟರಿಗಳಿಗೂ ಹಾಕಿದರು. ಬಾವಿಯ ಉಪ್ಪು ಬಟ್ಟೆಗೆ ಹೆದರುತ್ತದೆಯೇ? ಕೆಲವೇ ದಿನಗಳಲ್ಲಿ ಬ್ಯಾಟರಿಗಳೆಲ್ಲ ಕೈಚೆಲ್ಲಿದವು. ಕೊಲ್ಹಾಪುರದ ವ್ಯಾಪಾರಿಯ ಹತ್ತಿರ ಒಯ್ದಾಗ ಅವನು ಎಲ್ಲ ಕೇಳಿಕೊಂಡು, ಬಿದ್ದು ಬಿದ್ದು ನಕ್ಕು, "ಕಾಕು, ಬ್ಯಾಟರಿಗೆ ಇನ್ನೂ ದೀಕ್ಷಾ ಆಗಿಲ್ಲರಿ," ಎಂದನಂತೆ.

"ನಾನೂ ನಕ್ಕೆ," ಎನ್ನುತ್ತಿದ್ದರು ಕಾಕು. "ಬರೂ ಮುಂದ ಬಸ್ಸಿನ್ಯಾಗ ಅತ್ತೆ. ಮರುದಿನಾ ಮತ್ತ ಅಂಗಡಿ ತಗದೆ."

ಆಸಿಡ್ ಹನಿ ಸಿಡಿದು ಅವರ ಸೀರೆಗಳ ಅಂಚಿಗೆಲ್ಲ ಸಣ್ಣ ಸಣ್ಣ ತೂತುಗಳು. ಯಾರಾದರೂ ನೋಡಿದರೆ, "ಡಿಸೈನ್ ಐತ್ರಿ, ನಮ್ಮ ಇಚಲಕರಂಜ್ಯಾಗ ಅಷ್ಟ ಸಿಗತೈತಿ," ಎನ್ನುವರು. ಬೆರಳುಗಳಂತೂ ಬಿರುಕು ಬಿಟ್ಟು ಬಣ್ಣಗೆಟ್ಟಿದ್ದವು. ಆ ಬೆರಳುಗಳ ಬಗ್ಗೆ ಮಾತ್ರ ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿಲ್ಲ.

ಅಂಗಡಿಯ ದೊಡ್ಡ ಕಾನೂನು ಸೂರ್ಯನದು. ಕಾಕು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಒಂದು ಗುಟುಕು ಹಾಲೂ ಇಲ್ಲ. ಗಾಡಿಯವರೋ ದೀಪ ಹಚ್ಚುವ ಹೊತ್ತಿಗೆ ಬ್ಯಾಟರಿ ಒಯ್ಯಲು ಬರುವವರು. ಎರಡೂ ಒಂದೇ ಹೊತ್ತು. ಕಾಕು ತಾಟಿನ ಮುಂದೆ ಕುಳಿತರೆ ಏಳುವವರಲ್ಲ, ಅವಸರದಲ್ಲಿ ನುಂಗುವವರೂ ಅಲ್ಲ. ಹಾಗಾಗಿ ಓಣಿಯ ಭಜಿ ಗಾಡಿಗಳೆಲ್ಲ ಬಿಸಿಲು ಇರುವಾಗಲೇ ಬಂದು ಸಾಲು ಹಚ್ಚುತ್ತಿದ್ದವು. ತಡವಾಗಿ ಬಂದ ಸಿದ್ದಪ್ಪ ಒಮ್ಮೆ ಹೊಸ್ತಿಲ ಹೊರಗೆ ನಿಂತು ಗೋಳಾಡಿದ.

"ಕಾಕು, ಗಿರಾಕಿ ನಿಂತಾವ್ರಿ, ಲಗೂ ಏಳ್ರಿ!"

"ಸಿದ್ದಪ್ಪ, ನಿನ್ನ ಬ್ಯಾಟ್ರಿ ಮುಂಜಾನಿಯಿಂದ ಉಣ್ಣಾಕತ್ತೈತಿ. ಅದಕ್ಕ ಯಾರರ ಲಗೂ ಏಳ ಅಂದಾರೇನ? ನಾ ಈಗ ಕುಂತೇನಿ."

ಸಿದ್ದಪ್ಪ ಹೊಸ್ತಿಲಲ್ಲೇ ಕುಕ್ಕರಿಸಿದ. ಕಾಕು ಒಳಗಿನಿಂದಲೇ ಅವನಿಗೊಂದು ರೊಟ್ಟಿ ಕಳಿಸಿದರು.

ಇಷ್ಟೆಲ್ಲ ಹಸನ್ಮುಖಿಯಾದ ಕಾಕುವಿಗೆ ಒಂದು ನೋವಿತ್ತು. ಗಡಹಿಂಗ್ಲಜ ತಾಲೂಕಿನ ನೂಲ ಎಂಬ ಊರಿಗೆ ಮದುವೆ ಮಾಡಿ ಕೊಟ್ಟ ಅವರ ತಂಗಿ. ಇಬ್ಬರೇ ಹೆಣ್ಣುಮಕ್ಕಳು, ಸಣ್ಣವರಿದ್ದಾಗ ಒಂದೇ ತಾಟಿನಲ್ಲಿ ಉಂಡವರು. ಕಾಕು ಅಂಗಡಿಯಲ್ಲಿ ಕುಳಿತಾಗ ತಂಗಿ ಬಂದು, ನಮ್ಮ ಮನೆತನದ ಹೆಣ್ಣುಮಗಳು ಹೀಗೆ ಬಜಾರಿನಲ್ಲಿ ಕೂರುವುದೇ, ನೂಲಕ್ಕೆ ಬಂದು ನಮ್ಮ ಜೊತೆ ಇರು ಎಂದಳು. ಕಾಕು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕಾಕುವಿನ ಬೆರಳು ನೋಡಿ ತಂಗಿ ಅಂದುಬಿಟ್ಟಳು: "ಆ ಕೈಲೆ ಬಡಿಸಿದ್ರ ಯಾರ ಉಣ್ಣಬೇಕು?"

ಕಾಕು ಜಗಳವಾಡಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ಅಂದಿನಿಂದ ನೂಲದ ಮನೆಯ ಯಾವ ಕಾರ್ಯವನ್ನೂ ತಪ್ಪಿಸಲಿಲ್ಲ: ಸೀಮಂತದ ಕುಬಸ, ತೊಟ್ಟಿಲು, ಮದುವೆ, ಎಲ್ಲದಕ್ಕೂ ಹೋದರು. ಆದರೆ ಪ್ರತಿ ಸಲವೂ ಹೊತ್ತು ಮುಳುಗಿದ ಮೇಲೆ ಹೋಗಿ ಮುಟ್ಟಿದರು, ಬೆಳಗಾಗುತ್ತಲೇ ಮೊದಲ ಬಸ್ಸಿಗೆ ಹೊರಟರು. ಹೊತ್ತು ಮುಳುಗಿದ ಮೇಲೆ ಬಂದವರಿಗೆ ಊಟ ಮಾಡು ಎಂದು ಜೈನರ ಮನೆಯಲ್ಲಿ ಯಾರು ಹೇಳುತ್ತಾರೆ? ಯಾರೂ ತಪ್ಪು ಹಿಡಿಯುವ ಹಾಗಿಲ್ಲ, ತಂಗಿಯ ಮನೆಯ ಅನ್ನವನ್ನು ಮುಟ್ಟಿಯೂ ಇಲ್ಲ. ಇದು ಅಕ್ಕನ ಉತ್ತರ ಎಂದು ತಂಗಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅಕ್ಕನಿಗೂ ಗೊತ್ತಿತ್ತು.

ಜೈನರ ಹತ್ತು ದಿನಗಳ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಅಕ್ಕತಂಗಿಯರು ಅಂದು ಮೊಬೈಲಿನಲ್ಲಿ ಒಂದೊಂದು ಕಮಲದ ಚಿತ್ರ ಕಳಿಸಿಕೊಳ್ಳುತ್ತಿದ್ದರು, ಕೆಳಗೆ 'ಉತ್ತಮ ಕ್ಷಮಾ' ಎಂದು ಅಚ್ಚಾದದ್ದು. ವರ್ಷ ವರ್ಷವೂ ಅದೇ ಕಮಲ. "ಆಕಿ ಕಳಸ್ಯಾಳ, ನಾನೂ ಕಳಸೇನಿ, ಮುಗೀತು," ಎಂದು ಕಾಕು ಮೊಬೈಲನ್ನು ಮೇಲಿನ ಹಲಗೆಗೆ ಇಡುತ್ತಿದ್ದರು.

ಹೋದ ವರ್ಷ ಕ್ಷಮಾವಣಿಯ ಹಿಂದಿನ ದಿನ ನಾನು ಅಂಗಡಿಯಲ್ಲಿದ್ದೆ. ಕಾಕುವಿನ ಮೊಬೈಲು ರಿಂಗಾಯಿತು. ಅವರ ಕೈ ಒದ್ದೆಯಿತ್ತು, ನಾನೇ ಸ್ಪೀಕರ್ ಹಚ್ಚಿದೆ.

"ಅಕ್ಕಾ, ಈ ಸಲ ಕಮಲ ಕಳಸಬ್ಯಾಡ," ಎಂದಿತು ಆ ಕಡೆಯ ದನಿ. "ನಾಳೆ ನೀನ ಬಾ. ಹೊತ್ತ ಮುಳುಗೂದರಾಗ ಬಾ. ನೀ ಬರೂತನಕ ನಾ ತಾಟಿಗಿ ಕುಂದ್ರೂದಿಲ್ಲ."

ಫೋನು ಕಟ್ಟಾಯಿತು. ಕಾಕು ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬಾಯಾರ, ನಾಳೆ ರವಿವಾರ. ನೀವೂ ನಡೀರಿ," ಎಂದರು.

"ನಾ ಯಾಕ್ರಿ? ಸ್ಕೂಟರ್ ಮ್ಯಾಲ ಒಬ್ಬರ ಹೋಗಾಕ ಅಂಜತೀರೇನ?"

"ಸ್ಕೂಟರಿಗಿ ಅಂಜೂದಿಲ್ಲ. ತಂಗಿಗಿ ಅಂಜತೇನಿ."

ಅವರ ಬ್ಯಾಟರಿ ಸ್ಕೂಟರು ಆಗಿನ್ನೂ ಹೊಸದು. ಅರವತ್ತು ದಾಟಿದ ಮೇಲೆ ಓಡಿಸಲು ಕಲಿತು, ತಲೆಯ ಮೇಲಿನ ಸೆರಗಿನ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಊರೆಲ್ಲ ಸುತ್ತುತ್ತಿದ್ದರು. ಅದನ್ನು ತಂಗಿಗೆ ತೋರಿಸುವ ಆಸೆ ಅವರ ಮುಖದಲ್ಲೇ ಕಾಣುತ್ತಿತ್ತು.

ಆದರೆ ಅಂದಿನ ರಾತ್ರಿಯೇ ಗಣಪತಿ ವಿಸರ್ಜನೆ. ಊರಿನ ಗಾಡಿಗಳೆಲ್ಲ ರಸ್ತೆಯಲ್ಲೇ ಇದ್ದು, ಬೆಳಿಗ್ಗೆ ಅಷ್ಟೂ ಬ್ಯಾಟರಿಗಳು ಉಸಿರಿಲ್ಲದೆ ಬಂದು ಬಿದ್ದವು. ಒಂದು ಪ್ಲಗ್ಗೂ ಖಾಲಿಯಿಲ್ಲ. ಕೊನೆಗೆ ಬಂದವನು ಸಿದ್ದಪ್ಪ. ಅವನ ಮುಖ ನೋಡಿ ಕಾಕು ತಮ್ಮ ಸ್ಕೂಟರಿನ ಪ್ಲಗ್ ಕಿತ್ತು ಅವನ ಬ್ಯಾಟರಿಗೆ ಹಚ್ಚಿದರು. "ಮುದುಕಗ ಮುಂಜಾನಿಯಿಂದನ ಬೇಕು. ನನ್ನ ಗಾಡಿ ಹುಡುಗರ ಪೈಕಿ, ಮಧ್ಯಾಹ್ನ ತಾಸ ಹಚ್ಚಿದ್ರ ಸಾಕು," ಎಂದರು. ಲೆಕ್ಕವೇನೋ ಸರಿಯೇ ಇತ್ತು. ಮಧ್ಯಾಹ್ನ ಕರೆಂಟು ಹೋಯಿತು. ಇಡೀ ಪೇಟೆಯ ಮಗ್ಗಗಳು ಒಮ್ಮೆಲೇ ನಿಂತು ಓಣಿ ಗಪ್ಪಾಯಿತು. ಕಾದು ಕಾದು ನೋಡಿದೆವು. ಸ್ಕೂಟರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇತ್ತು, ಅಷ್ಟೇ.

"ಬಸ್ಸಿಗಿ ಹೋಗೂಣ್ರಿ," ಎಂದೆ.

"ಬಸ್ಸ ಎಲ್ಲೆಲ್ಲಿ ನಿಲ್ಲತೈತೋ ಯಾರಿಗಿ ಗೊತ್ತು. ನಿಪ್ಪಾಣ್ಯಾಗ ಹೈವೇ ಮ್ಯಾಲ ಚಾರ್ಜಿಂಗ್ ಐತಿ. ಹತ್ರಿ."

ಹತ್ತಿದೆ. ಸಂಜೆ ಗಾಡಿಯವರಿಗೆ ಬ್ಯಾಟರಿ ಕೊಡಲೆಂದು ಕಾಕು ಅಂಗಡಿಯ ಕೀಲಿಯನ್ನು ಸಿದ್ದಪ್ಪನಿಗೆ ಒಪ್ಪಿಸಿದ್ದರು. ಕಾಗಲ ದಾಟುವ ತನಕ ಹಾಡು ಗುನುಗುತ್ತಿದ್ದರು. ಆಮೇಲೆ ಹಾಡು ನಿಂತಿತು. ಮುಂದಿನ ಫಲಕದಲ್ಲಿ ಚಾರ್ಜಿನ ಅಂಕಿ ಇಳಿಯುತ್ತ ಹೋದಂತೆ ಅವರು ವೇಗವನ್ನೂ ಇಳಿಸಿದರು. ಕಬ್ಬಿನ ಗಾಡಿಯೂ ನಮ್ಮನ್ನು ಹಿಂದೆ ಹಾಕುತ್ತದೆಯೇನೋ ಅನ್ನಿಸಿತು.

"ಬಾಯಾರ, ತಪ್ಪ ತಿಳೀಬ್ಯಾಡ್ರಿ. ನೀವು ತೂಕ ಎಷ್ಟ ಅದೀರಿ?"

"ಕಾಕು, ರಸ್ತೆ ನೋಡ್ರಿ," ಎಂದೆ.

ನಿಪ್ಪಾಣಿಯ ಹೋಟೆಲಿನ ಮುಂದೆ ಒಂದೇ ಚಾರ್ಜರು. ಅದಕ್ಕೆ ಒಂದು ಬ್ಯಾಟರಿ ಆಟೋ ಕಟ್ಟಿಕೊಂಡಿತ್ತು. ಚಾಲಕ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ. ಫಲಕದಲ್ಲಿ ತೊಂಬತ್ತು ದಾಟಿತ್ತು. ಕಾಕು ಅದನ್ನು ನೋಡಿ, ಆಕಾಶ ನೋಡಿದರು. ಕೈ ಚಾಚಿ ಬೆರಳು ಅಡ್ಡ ಹಿಡಿದು ಸೂರ್ಯನಿಗೂ ಗುಡ್ಡಕ್ಕೂ ನಡುವೆ ಎಷ್ಟಿದೆ ಎಂದು ಅಳೆದರು. ಎರಡು ಕೈಯ ಬೆರಳು ಹಿಡಿಯುವಷ್ಟು ಜಾಗವೂ ಇರಲಿಲ್ಲ.

"ಆತಲ್ಲಪಾ ನಿಂದು, ಬಿಚ್ಚತೀಯೇನ?" ಎಂದರು.

"ಥಾಂಬಾ ಕೀ ಆಜಿ, ಫುಲ್ ಹೋವೂ ದ್ಯಾ," ಎಂದ ಅವನು ಆರಾಮಾಗಿ. ನಿಲ್ಲಿ ಅಜ್ಜಿ, ಪೂರ್ತಿ ತುಂಬಲಿ ಎಂದು.

ನನಗೆ ಒಳಗೊಳಗೇ ನಗು. ಊರಿಗೆಲ್ಲ ಕಾಯಲು ಕಲಿಸಿದ ಕಾಕು, ಲಗೂ ಏಳ್ರಿ ಎಂದವರನ್ನು ಹೊಸ್ತಿಲಲ್ಲಿ ಕೂರಿಸಿದ ಕಾಕು, ಈಗ ಚಾರ್ಜರಿನ ಸುತ್ತ ಸುತ್ತುತ್ತಿದ್ದರು. ಒಮ್ಮೆ ಅದರ ಡಬ್ಬಿಯನ್ನು ತಟ್ಟಿಯೂ ನೋಡಿದರು. ಮುಂದಿನ ಐದಾರು ಅಂಕಿಗೆ ಅರ್ಧ ತಾಸು ಹಿಡಿಯುತ್ತದೆ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಆ ಹೆದ್ದಾರಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಆದರೆ ಅವರ ಮುಖ ನೋಡಿ ನನ್ನ ನಗು ಆರಿತು. ಕಣ್ಣಲ್ಲಿ ನೀರಿತ್ತು.

"ಫೋನ್ ಮಾಡಿ ತಂಗಿಗಿ ಹೇಳೂಣ್ರಿ, ತಡಾ ಆಗತೈತಿ ಅಂತ," ಎಂದೆ.

"ಬ್ಯಾಡ. ಇಷ್ಟ ವರ್ಷ ನಾ ತಡಾ ಮಾಡಿ ಹೋಗಿದ್ದು ಬೇಕಂತನ. ಇವತ್ತ ಬ್ಯಾಟ್ರಿ ಇಲ್ಲಂತ ತಡಾ ಆತು ಅಂದ್ರ, ಬ್ಯಾಟ್ರಿ ಅಂಗಡ್ಯಾಕಿ ಮಾತು ಆಕಿ ನಂಬತಾಳೇನ? ಮತ್ತ ಬೇಕಂತನ ಮಾಡ್ಯಾಳ ಅಂತಾಳ. ತಾನೂ ಉಪವಾಸ ಮಲಗತಾಳ."

ಕಾಕು ಸೀದಾ ಆ ಚಾಲಕನ ಮುಂದೆ ಹೋಗಿ ನಿಂತರು. ತಮ್ಮ ಕಸುಬಿನ ಜ್ಞಾನ ಏನೂ ಹೇಳಲಿಲ್ಲ. ಮರಾಠಿಯಲ್ಲಿ ಇಷ್ಟೇ ಹೇಳಿದರು: ತಂಗಿ ಊಟಕ್ಕೆ ಕರೆದಿದ್ದಾಳೆ, ನಾವು ಜೈನರು, ಹೊತ್ತು ಮುಳುಗಿದರೆ ಉಣ್ಣುವ ಹಾಗಿಲ್ಲ.

ಅವನು ಚಹಾದ ಲೋಟ ಬೆಂಚಿನ ಮೇಲಿಟ್ಟು ಎದ್ದೇಬಿಟ್ಟ. "ಅಹೋ ಆಜಿ, ಹೆ ಆಧಿ ಸಾಂಗಾಯಚಂ ನಾ!" ಎಂದ, ಇದನ್ನು ಮೊದಲೇ ಹೇಳಬೇಕಲ್ಲವೇ ಎಂದು. ತಾನೇ ತನ್ನ ತಂತಿ ಕಿತ್ತು ನಮ್ಮ ಸ್ಕೂಟರಿಗೆ ಹಚ್ಚಿದ. ಅವನ ಪಕ್ಕದ ಮನೆಯವರೂ ಜೈನರಂತೆ. ಸಂಜೆಯಾದರೆ ಅವರ ಅಡುಗೆಮನೆಯ ಗಡಿಬಿಡಿ ತನಗೆ ಗೊತ್ತು ಎಂದ. ನಮಗೂ ಚಹಾ ಹೇಳಿದ. ಕಾಕು ಕುಡಿಯಲಿಲ್ಲ, ಎರಡನ್ನೂ ನಾನೇ ಕುಡಿದೆ.

ಖಾಲಿ ಹೊಟ್ಟೆಯ ಲಿಥಿಯಂ ಗಬಗಬನೆ ಉಣ್ಣತೊಡಗಿತು. ಆದರೂ ನೋಡುತ್ತ ನಿಂತವರಿಗೆ ಅದು ನಿಧಾನವೇ. ಮುಕ್ಕಾಲು ತಾಸು ನಿಂತರೆ ಊರು ಮುಟ್ಟುವಷ್ಟಾಗುತ್ತದೆ, ಆದರೆ ಅಷ್ಟು ಹೊತ್ತು ಇಲ್ಲೇ ಕಳೆದರೆ ದಾರಿಯಲ್ಲೇ ಸೂರ್ಯ ಮುಳುಗುತ್ತಾನೆ. ಎಷ್ಟು ಬಿಟ್ಟರೆ ಎಷ್ಟು ದೂರ ಹೋಗುತ್ತದೆ ಎಂದು ಕಾಕು ತುಟಿಯಲ್ಲೇ ಲೆಕ್ಕ ಹಾಕುತ್ತಿದ್ದರು. ಕೊನೆಗೆ, "ಸಾಕು," ಎಂದು ತಂತಿ ಕಿತ್ತರು.

"ಇದು ಸಾಲತೈತೇನ್ರಿ?"

"ಸಾಲೂದಿಲ್ಲ," ಎಂದರು. "ನಡೀರಿ."

ಸಂಕೇಶ್ವರದ ಹತ್ತಿರ ಹೆದ್ದಾರಿ ಬಿಟ್ಟೆವು. ಸೂರ್ಯ ಈಗ ಸೀದಾ ನಮ್ಮ ಎದುರಿಗೆ, ಕಬ್ಬಿನ ತುದಿಗಳ ಮೇಲೆ. ನೂಲ ಇನ್ನೂ ಸ್ವಲ್ಪ ದೂರವಿರುವಾಗ ಸ್ಕೂಟರು ಆಮೆಯಾಯಿತು, ಆಮೇಲೆ ನಿಂತಿತು. ಇಬ್ಬರೂ ಇಳಿದು ತಳ್ಳಿದೆವು. ಹೆಲ್ಮೆಟ್ ತೆಗೆಯುವುದನ್ನೂ ಕಾಕು ಮರೆತಿದ್ದರು. ಏದುಸಿರು ಬಿಡುತ್ತ, "ಆಗಲಿಲ್ಲ ಬಾಯಾರ, ಆಗಲಿಲ್ಲ," ಎನ್ನುತ್ತಲೇ ತಳ್ಳುತ್ತಿದ್ದರು.

ರಸ್ತೆಯ ತಿರುವಿನಲ್ಲಿ ಒಬ್ಬ ಹೆಂಗಸು ನಮ್ಮ ಕಡೆ ಬರುತ್ತಿದ್ದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ನೀರಿನ ತಂಬಿಗೆ. ನಡಿಗೆ ಥೇಟು ಕಾಕುವಿನದೇ. ಕಾಕು ನಿಂತುಬಿಟ್ಟರು.

ತಂಗಿ ಬಂದು ರಸ್ತೆಯ ಬದಿಯ ಕಲ್ಲಿನ ಮೇಲೆ ಡಬ್ಬಿ ಇಟ್ಟಳು. "ದಾರಿ ನೋಡಿ ನೋಡಿ ಸಾಕಾತು. ನೀ ಮನಿಗಿ ಬರೂದರಾಗ ಹೊತ್ತ ಮುಳುಗತ್ತಿತ್ತು ಅಕ್ಕಾ," ಎಂದಳು. "ಅದಕ್ಕ ಮನೀನ ಇಲ್ಲಿಗಿ ತಂದೇನಿ."

ತಂಗಿ ತಾನೇ ಕೈ ಎತ್ತಿ ಅಕ್ಕನ ಹೆಲ್ಮೆಟ್ ತೆಗೆದಳು. ಡಬ್ಬಿಯ ಮುಚ್ಚಳ ಬಿಚ್ಚಿದಳು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗೋಧಿ ಹುಗ್ಗಿ. ಬಿಚ್ಚಿದ ಡಬ್ಬಿಯನ್ನು ಅಕ್ಕನ ಮುಂದೆ ಸರಿಸಿದಳು.

"ನೀ ಬಡಸು."

ಕಾಕು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನನ್ನ ಕೈ..."

"ಆ ಕೈಲೇನ ಬಡಸು. ಹೊತ್ತ ಹೊಂಟೈತಿ, ಲಗೂ." ತಂಗಿ ಕಲ್ಲಿನ ಮೇಲೆ ಕುಳಿತು ಅಂಗೈ ಚಾಚಿದಳು.

ಕಾಕು ತಂಬಿಗೆಯ ನೀರಿನಲ್ಲಿ ಕೈ ತೊಳೆದರು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಆ ಬಿರುಕು ಬೆರಳುಗಳಿಂದ ತಂಗಿಯ ಅಂಗೈಗೆ ಇಟ್ಟರು. ತಂಗಿ ಅದನ್ನು ಬಾಯಿಗೆ ಹಾಕಿಕೊಂಡ ಮೇಲೆಯೇ ತಾವು ತಿಂದರು. ನನಗೂ ಒಂದು ರೊಟ್ಟಿ ಬಂತು. ತುತ್ತಿಗೊಮ್ಮೆ ಕಾಕು ತಲೆಯೆತ್ತಿ ಪಶ್ಚಿಮಕ್ಕೆ ನೋಡುತ್ತಿದ್ದರು.

"ಸೂರ್ಯಾನ್ನ ಏನ ನೋಡತೀ," ಎಂದಳು ತಂಗಿ, "ನನ್ನ ನೋಡು."

ಹುಗ್ಗಿ ಮುಗಿಯುವ ಹೊತ್ತಿಗೆ ಕಬ್ಬಿನ ಮೇಲೆ ಕೆಂಪು ಅಂಚು ಮಾತ್ರ ಉಳಿದಿತ್ತು. ಇಬ್ಬರೂ ಬಾಯಿ ಮುಕ್ಕಳಿಸಿ ನೀರು ಕುಡಿದರು. ಆಮೇಲೆ ಮೂವರೂ ಸೇರಿ ಸ್ಕೂಟರನ್ನು ಮನೆತನಕ ತಳ್ಳಿಕೊಂಡು ಹೋದೆವು. ಅಕ್ಕತಂಗಿಯರು ದಾರಿಯುದ್ದಕ್ಕೂ ಮಾತಾಡಿದರು, ತಳ್ಳಿದವಳು ಹೆಚ್ಚಾಗಿ ನಾನೇ.

ಪಡಸಾಲೆಯಲ್ಲಿ ಪ್ಲಗ್ ಹುಡುಕಿ ಕಾಕು ಸ್ಕೂಟರಿಗೆ ಚಾರ್ಜರು ಹಚ್ಚಿದರು. ಹಸಿರು ದೀಪ ಮಿಣುಕಿತು. ತಂಗಿ ಪಕ್ಕದಲ್ಲಿ ನಿಂತು ನೋಡಿದಳು.

"ಇದು ತುಂಬಾಕ ಎಷ್ಟ ಹೊತ್ತ ಬೇಕ ಅಕ್ಕಾ?"

ಬ್ಯಾಟರಿಗೆ ಎಷ್ಟು ಹೊತ್ತು ಬೇಕೆಂಬ ವಿಷಯದಲ್ಲಿ ಕಾಕು ಯಾರಿಗೂ ಸುಳ್ಳು ಹೇಳಿದವರಲ್ಲ. ನಾನು ಬಾಯಿ ತೆರೆದೆ, ಬೆಳಗಾಗುವುದರೊಳಗೆ ತುಂಬಿರುತ್ತದೆ ಎನ್ನಲು. ಕಾಕು ನನ್ನ ಕಾಲು ತುಳಿದರು.

"ಎಂಟ ದಿನಾ ಬೇಕು," ಎಂದರು.

"ಎಂಟ ದಿನಾ?"

"ಭಾಳ ಖಾಲಿ ಆಗೇತಿ. ಸಾವಕಾಶ ತುಂಬಬೇಕು."

ತಂಗಿ ಮಿಣುಕುವ ದೀಪ ನೋಡಿದಳು, ಅಕ್ಕನ ಮುಖ ನೋಡಿದಳು. "ಹಂಗಾರ ಹಾಸಿಗಿ ಹಾಸತೇನಿ," ಎಂದು ಒಳಗೆ ಹೋದಳು.

ಮರುದಿನ ನಾನೊಬ್ಬಳೇ ಬಸ್ಸು ಹತ್ತಿ ಬಂದೆ. ಎಂಟು ದಿನ ಕಳೆದವು, ಚಳಿಗಾಲ ಕಳೆಯಿತು. ನಡುವೆ ಕಾಕು ಒಂದು ಸಲ ಬಂದು ಅಂಗಡಿಯಲ್ಲಿ ಉಳಿದಿದ್ದ ಬ್ಯಾಟರಿಗಳನ್ನು ಅವರವರಿಗೆ ಮುಟ್ಟಿಸಿ, ಹಲಗೆಗಳನ್ನು ಬಿಚ್ಚಿಕೊಂಡು ಹೋದರು. ಈಗ ಆ ಹಲಗೆಗಳು ನೂಲದ ಪಡಸಾಲೆಯ ಗೋಡೆಗಿವೆ, ಸುತ್ತಲಿನ ರೈತರ ಔಷಧದ ಪಂಪುಗಳು ಅಲ್ಲಿ ಸರದಿಯಲ್ಲಿ ಉಣ್ಣುತ್ತವೆ. ನಾನು ಆಗಾಗ ಫೋನು ಮಾಡುತ್ತೇನೆ.

"ಕಾಕು, ಸ್ಕೂಟರ್ ತುಂಬಿತೇನ್ರಿ?"

ಕಾಕು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ತಂಗಿಯ ದನಿ ಬರುತ್ತದೆ: "ಇನ್ನೂ ಇಲ್ಲಂತ ಹೇಳ ಆಕಿಗಿ!"